ಸೋದರಮಾವನ ಮುಖಕ್ಕೆ ಸೂಜಿಕೆಲಸ

ಇಪ್ಪತ್ತೈದು ವರ್ಷಗಳಿಂದ ತೊಕ್ಕೊಟ್ಟಿನಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿರುವ ನನಗೆ ಮೇಲ್ಮೈಗಳ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಗೋಡೆಯಿರಲಿ, ಬಾಗಿಲಿರಲಿ, ತುಕ್ಕು ಹಿಡಿದ ಗೇಟಿರಲಿ, ಒಮ್ಮೆ ಬೆರಳಾಡಿಸಿದರೆ ಸಾಕು. ಎಷ್ಟು ನಂಬರಿನ ಸ್ಯಾಂಡ್‌ಪೇಪರ್, ಎಷ್ಟು ಕೋಟ್ ಪ್ರೈಮರ್ ಎಂದು ನಿಂತಲ್ಲೇ ಹೇಳಬಲ್ಲೆ. ಹೀಗಿರುವಾಗ ಗೇಣಗಲದ ನನ್ನ ಸ್ವಂತ ಮುಖವನ್ನು ಎಂಟು ದಿನಗಳಲ್ಲಿ ನಯ ಮಾಡಿಸುವುದು ಏನು ಮಹಾ ಎಂದುಕೊಂಡಿದ್ದೆ.

ಮುಖಕ್ಕೆ ಏನಾಗಿತ್ತು ಎಂದು ಮೊದಲು ಹೇಳಬೇಕು. ಉರ್ವದ ನಮ್ಮ ಮನೆಯ ಹಾಲಿನಲ್ಲಿ ಒಂದು ಹಳೆಯ ಫೋಟೋ ಇದೆ. ನನ್ನ ಅಕ್ಕ ವಿನೋದಳ ನಿಶ್ಚಿತಾರ್ಥದ್ದು. ನಡುವೆ ನಮ್ಮ ಸೋದರಮಾವ ಭೋಜಣ್ಣ, ಮೀಸೆ ತಿರುವಿ, ಗಂಡಿನ ಕಡೆಯವರಿಗೆ ವೀಳ್ಯದ ಹರಿವಾಣ ಕೊಡುತ್ತಿದ್ದಾರೆ. ನಮ್ಮಲ್ಲಿ ಸೋದರಮಾವನ ಸ್ಥಾನ ಸಣ್ಣದಲ್ಲ. ಆ ಹರಿವಾಣ ಅವನ ಕೈಯಿಂದ ದಾಟಿದ ಮೇಲೆಯೇ ಮಾತು ನಿಶ್ಚಯವಾದಂತೆ. ಅವರ ಪಕ್ಕದಲ್ಲಿ ಇಪ್ಪತ್ತನಾಲ್ಕರ ನಾನಿದ್ದೇನೆ. ಆಗ ನನ್ನ ಮುಖದಲ್ಲಿ ಮೊಡವೆಗಳಿಗೇ ಜಾಗ ಸಾಲುತ್ತಿರಲಿಲ್ಲ. ಕ್ಯಾಮೆರಾ ನೋಡಿದ ಕೂಡಲೇ ನಾಚಿಕೆಯಾಗಿ ಕೆನ್ನೆಗೆ ಅಂಗೈ ಒತ್ತಿಕೊಂಡೆ. ಅಂದಿನಿಂದ ಇಪ್ಪತ್ತೆಂಟು ವರ್ಷ, ಮನೆಗೆ ಬಂದ ಪ್ರತಿಯೊಬ್ಬರೂ ಫೋಟೋ ನೋಡಿ ಕೇಳುವುದು ಒಂದೇ ಪ್ರಶ್ನೆ.

"ಅವತ್ತು ನಿಮಗೆ ಹಲ್ಲುನೋವು ಇತ್ತಾ?"

ಮೊಡವೆ ಹೋದವು, ಹೊಂಡಗಳು ಉಳಿದವು. ಉಳಿದಿದ್ದರೆ ಉಳಿಯಲಿ ಎಂದು ನಾನೂ ಸುಮ್ಮನಿದ್ದೆ. ಆದರೆ ಈ ವರ್ಷ ಅಕ್ಕನ ಮಗಳು ಪ್ರಜ್ಞಾಳ ನಿಶ್ಚಿತಾರ್ಥ ಗೊತ್ತಾಯಿತು. ಅಕ್ಕ ಭಾವ ಗಲ್ಫಿನಲ್ಲಿದ್ದ ಕಾರಣ ಅವಳು ಬೆಳೆದದ್ದೆಲ್ಲ ನಮ್ಮ ಮನೆಯಲ್ಲೇ. ಅವಳಿಗೆ ಸ್ಕೂಟರ್ ಕಲಿಸಿದ್ದು ನಾನು. ನಮ್ಮ ಕಾಂಪೌಂಡಿಗೆ ಅವಳು ಗುದ್ದಿದಾಗ ಗೋಡೆಗೆ ತೇಪೆ ಹಾಕಿದ್ದೂ ನಾನು. ಅವಳು ಬಂದು ಹೇಳಿದಳು: "ಮಾಮ, ಈ ಸಲ ವೀಳ್ಯ ಕೊಡುವುದು ನೀವು. ಆ ಫೋಟೋವನ್ನು ಹಳೇ ಫೋಟೋದ ಪಕ್ಕದಲ್ಲೇ ಹಾಕ್ತೇನೆ. ಕೆನ್ನೆ ಮೇಲೆ ಕೈ ಇಟ್ಟರೆ ನೋಡಿ."

ಆ ಮಾತು ನನ್ನ ಎದೆಗೆ ನಾಟಿತು. ಗೋಡೆಗೆ ಹೋಗುವ ಈ ಎರಡನೇ ಮುಖವಾದರೂ ಸರಿಯಾಗಿರಬೇಕು ಎಂದು ಅಂದೇ ತೀರ್ಮಾನಿಸಿದೆ.

ಮೊಬೈಲಿನಲ್ಲಿ ಹುಡುಕಿದಾಗ ಮೈಕ್ರೋನೀಡ್ಲಿಂಗ್ ಎಂಬ ವಿದ್ಯೆ ಸಿಕ್ಕಿತು. ಸಣ್ಣ ಸಣ್ಣ ಸೂಜಿಗಳಿಂದ ಮುಖದ ತುಂಬ ಚುಚ್ಚುತ್ತಾರೆ. ಆ ತೂತುಗಳನ್ನು ಮುಚ್ಚಲು ಚರ್ಮ ತಾನೇ ಹೊಸದಾಗಿ ಬೆಳೆದು, ಹಳೆಯ ಹೊಂಡಗಳೂ ತುಂಬುತ್ತವೆ. ನನಗೆ ತಕ್ಷಣ ಅರ್ಥವಾಯಿತು. ಹಳೇ ಗೋಡೆಗೆ ಹೊಸ ಸಿಮೆಂಟ್ ಹಿಡಿಯಬೇಕಾದರೆ ಮೊದಲು ಉಳಿಯಿಂದ ಕಚ್ಚು ಹಾಕುತ್ತೇವಲ್ಲ, ಅದೇ ತತ್ವ. ಪಂಪ್‌ವೆಲ್ಲಿನ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ಚಿಕ್ಕ ಪ್ರಾಯದ ಹೆಂಗಸು.

"ಒಂದು ಸಲ ಮಾಡಿದರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ತಿಂಗಳಿಗೊಮ್ಮೆ ಮೂರು ನಾಲ್ಕು ಸಲ ಬೇಕು" ಎಂದರು. "ಎಂಟು ದಿನದಲ್ಲಿ ಫಂಕ್ಷನ್ ಉಂಟು ಹೇಳ್ತೀರಿ. ಅದು ಮುಗಿಸಿಕೊಂಡೇ ಬನ್ನಿ."

"ಎಂಟು ದಿನ ಧಾರಾಳ ಸಾಕು ಡಾಕ್ಟ್ರೆ. ಎನಾಮಲ್ ಪೈಂಟ್ ಒಣಗಲಿಕ್ಕೆ ಒಂದು ದಿನ ಸಾಕಾಗ್ತದೆ."

"ನಿಮ್ಮ ಮುಖ ಗೇಟ್ ಅಲ್ಲ."

ಆದರೂ ನಾನು ಬಿಡಲಿಲ್ಲ. ಕೊನೆಗೆ ಅವರು ಮರುದಿನಕ್ಕೆ ಸಮಯ ಕೊಟ್ಟರು. ಚುಚ್ಚುವ ಮೊದಲು ಮುಖ ಮರಗಟ್ಟಿಸುವ ಕ್ರೀಮ್ ಹಚ್ಚಿ, ಮುಕ್ಕಾಲು ಗಂಟೆ ಕೂರಬೇಕಂತೆ. ಅದಕ್ಕೆ ಬೇಗ ಬನ್ನಿ ಎಂದರು. ಬೇಗ ಹೋಗಿ ಸುಮ್ಮನೆ ಕೂರುವುದೆಂದರೆ ವ್ಯಾಪಾರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಕ್ರೀಮಿನ ಹೆಸರು ಬರೆದ ಚೀಟಿ ನನ್ನ ಕೈಯಲ್ಲೇ ಇತ್ತು. ಮೆಡಿಕಲ್ಲಿನಿಂದ ತಂದು ಮನೆಯಲ್ಲೇ ಹಚ್ಚಿಕೊಂಡು, ದಾರಿಯಲ್ಲಿ ಮರಗಟ್ಟಿಸಿಕೊಂಡು, ಸೀದಾ ಹೋಗಿ ಮಲಗಿದರಾಯಿತು! ಕ್ರೀಮ್ ಒರೆಸಿಹೋಗದಂತೆ ಅಡುಗೆಮನೆಯಲ್ಲಿದ್ದ ಪ್ಲಾಸ್ಟಿಕ್ ಹಾಳೆಯನ್ನು, ಮೂಗು ಬಾಯಿ ಕಣ್ಣು ಬಿಟ್ಟು, ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡೆ.

ಹೆಂಡತಿ ಶೋಭಾ ಒಮ್ಮೆ ನೋಡಿದಳು. "ನಿಮಗೆ ಎಂತ, ಮರ್ಲಾ? ತಲೆ ಸರಿ ಉಂಟಾ? ಹೀಗೆ ರಸ್ತೆಗೆ ಹೋಗುವುದಾ?"

"ಇದು ವೈಜ್ಞಾನಿಕ ವಿಧಾನ" ಎಂದೆ.

ಪ್ಲಾಸ್ಟಿಕ್ಕಿನ ಮೇಲೆ ಹೆಲ್ಮೆಟ್ ಹೋಗಲಿಲ್ಲ. ಹಾಗಾಗಿ ಸ್ಕೂಟರ್ ಬಿಟ್ಟು ಸಿಟಿ ಬಸ್ ಹತ್ತಿದೆ. ಪಕ್ಕದಲ್ಲಿದ್ದ ಹೆಂಗಸು ಮೀನಿನ ಚೀಲವನ್ನು ನನ್ನಿಂದ ದೂರ ಸರಿಸಿಟ್ಟಳು. ಕಂಡಕ್ಟರ್ ಬಂದು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ.

"ಎಂತ ಅಣ್ಣ, ಸೀದಾ ಫ್ರಿಜ್ಜಿಂದ ಬರುವುದಾ? ಎಲ್ಲಿಗೆ?"

ಅಷ್ಟರಲ್ಲಿ ಕ್ರೀಮ್ ಬೆವರಿನೊಂದಿಗೆ ಇಳಿದು ತುಟಿಗಳನ್ನು ತಲುಪಿತ್ತು. ತುಟಿಗಳಿಲ್ಲದೆ ಪಂಪ್‌ವೆಲ್ ಎನ್ನಲು ಸಾಧ್ಯವಿಲ್ಲ ಎಂಬ ಸತ್ಯ ನನಗೆ ಅಂದು ತಿಳಿಯಿತು. ಕೈಯನ್ನೆತ್ತಿ, ಬಗ್ಗಿಸಿ, ಅಲ್ಲಿಯ ಫ್ಲೈಓವರ್ ಮಾಡಿ ತೋರಿಸಿದೆ. ಇಡೀ ಬಸ್ಸು ನೋಡುತ್ತಿತ್ತು. ಆ ಫ್ಲೈಓವರಿನ ಬುಡದಲ್ಲೇ ಟ್ರಾಫಿಕ್ ಬ್ಲಾಕ್ ಆಗಿ, ಮುಕ್ಕಾಲು ಗಂಟೆಯ ಕ್ರೀಮ್ ನನ್ನ ಮುಖದಲ್ಲಿ ಎರಡು ಗಂಟೆ ವಾಸ ಮಾಡಿತು. ಡಾಕ್ಟರ್ ನೋಡಿ ಗಾಬರಿಯಾದರು. ಎಲ್ಲ ಒರೆಸಿ, ತಲೆ ತಿರುಗುತ್ತದಾ ಎಂದು ಕೇಳಿ, ಅರ್ಧ ಗಂಟೆ ಅಲ್ಲೇ ಕೂರಿಸಿದರು. ಅಂತೂ ಉಳಿಸಿದ ಸಮಯವನ್ನೆಲ್ಲ ಬಡ್ಡಿ ಸಮೇತ ಅಲ್ಲಿ ಕೂತು ತೀರಿಸಿದೆ.

ಯಂತ್ರದ ಸದ್ದು ನನಗೆ ಪರಿಚಯದ್ದೇ, ನಮ್ಮ ಅಂಗಡಿಯ ಸಣ್ಣ ಡ್ರಿಲ್ಲಿನದ್ದು. ಕೆನ್ನೆಗಳಿಗೆ ಏನೂ ಗೊತ್ತಾಗಲಿಲ್ಲ. "ಎಷ್ಟು ಬೇಕಾದರೂ ಚುಚ್ಚಿ ಡಾಕ್ಟ್ರೆ" ಎಂದು ಧೈರ್ಯದಿಂದ ಹೇಳಿದೆ. ಆಮೇಲೆ ಯಂತ್ರ ಹಣೆಗೆ ಬಂತು. ಬಸ್ಸಿನಲ್ಲಿ ಬೆವರಿಗೆ ಪ್ಲಾಸ್ಟಿಕ್ ಜಾರಿ, ಹಣೆಯ ಕ್ರೀಮೆಲ್ಲ ಕೆಳಗಿಳಿದದ್ದು ಆಗ ಗೊತ್ತಾಯಿತು. ನಮ್ಮ ಕುಟುಂಬದ ದೈವಗಳನ್ನೆಲ್ಲ ಹೆಸರು ಹಿಡಿದು ಕರೆದೆ.

ಹೊರಡುವಾಗ ಡಾಕ್ಟರ್ ನಿಯಮಗಳನ್ನು ಹೇಳಿದರು. ಮೂರು ದಿನ ಬಿಸಿಲಿಗೆ ಹೋಗಬಾರದು. ತಾವು ಕೊಟ್ಟ ಕ್ರೀಮ್ ಬಿಟ್ಟು ಬೇರೇನೂ ಹಚ್ಚಬಾರದು, ಎಣ್ಣೆ ಸಹ. ಮತ್ತೆ, ಬೆವರಬಾರದು. ಏಪ್ರಿಲ್ ತಿಂಗಳಲ್ಲಿ, ಮಂಗಳೂರಿನಲ್ಲಿ, ಬೆವರಬಾರದು! ಇಲ್ಲಿ ಸ್ನಾನ ಮಾಡುವಾಗಲೇ ನಾವು ಬೆವರುತ್ತೇವೆ. ಆದರೂ ಆಯಿತು ಎಂದೆ.

ಮನೆಗೆ ಬಂದಾಗ ಮುಖ ಕೆಂಡಸಂಪಿಗೆಯ ಬಣ್ಣಕ್ಕೆ ತಿರುಗಿತ್ತು. ಶೋಭಾ ಬಾಗಿಲು ತೆಗೆದು, ಫ್ಯಾನಿನ ಕೆಳಗೆ ಕುರ್ಚಿ ಹಾಕಿದಳು. ಆ ಕುರ್ಚಿಯಲ್ಲಿ ಎರಡು ದಿನ ಅಲ್ಲಾಡದೆ ಕೂತೆ. ಅಂಗಡಿ ಮುಚ್ಚಿತ್ತು. ಖಾರದ ಸಾರು ಉಂಡರೆ ಬೆವರುತ್ತದೆಂದು ಗಂಜಿ ಕುಡಿದೆ. ನೆರೆಮನೆಯ ಸದಾಶಿವಣ್ಣ ಗೇಟಿನಿಂದಲೇ ನೋಡಿ, "ಕೆಂಪು ಉಂಟಲ್ಲ ಮಾರಾಯ. ಪ್ರೈಮರ್ರಾ, ಫೈನಲ್ ಕೋಟಾ?" ಎಂದು ಕೇಳಿದ. ನಗೋಣವೆಂದರೆ ಮುಖ ಎಳೆಯುತ್ತಿತ್ತು.

ನಿಜವಾದ ಅನಾಹುತ ನಡೆದದ್ದು ಎರಡನೇ ದಿನ ಮಧ್ಯಾಹ್ನ. ಎಂಬತ್ತು ವರ್ಷದ ನನ್ನ ಅಮ್ಮ ಬಂದು, ಬಿಗಿದುಕೊಂಡು ಒಣಗಿದ ನನ್ನ ಮುಖವನ್ನು ನೋಡಿ ಮರುಗಿದಳು. ಕೈಯಲ್ಲಿ ಬಟ್ಟಲಿತ್ತು. ಮನೆಯ ತೆಂಗಿನಕಾಯಿಯನ್ನೇ ಒಣಗಿಸಿ, ಮಿಲ್ಲಿನಲ್ಲಿ ಎದುರು ನಿಂತು ಮಾಡಿಸಿದ ಎಣ್ಣೆ.

"ಡಾಕ್ಟರ್ ಎಣ್ಣೆ ಬೇಡ ಹೇಳಿದ್ದಾರಮ್ಮ."

"ಅವರು ಹೇಳಿದ್ದು ಅಂಗಡಿಯ ಎಣ್ಣೆ ಮಗಾ. ಇದು ಎಂತ ಎಣ್ಣೆಯಾ? ಇದು ತೆಂಗಿನೆಣ್ಣೆ."

ಯೋಚಿಸಿದೆ. ಮಾತು ಸರಿಯೆನಿಸಿತು. ಹುಟ್ಟಿದ ದಿನದಿಂದ ನೆತ್ತಿಗೆ, ಗಾಯಕ್ಕೆ, ಹೊಟ್ಟೆನೋವಿಗೆ, ಬಾಗಿಲಿನ ತಿರುಗಣೆಗೆ ನಾವು ಹಚ್ಚುತ್ತ ಬಂದದ್ದನ್ನು ಎಣ್ಣೆಗಳ ಸಾಲಿಗೆ ಸೇರಿಸುವುದು ಹೇಗೆ? ಡಾಕ್ಟರ್ ಓದಿದ್ದು ಬೇರೆ ಊರಿನಲ್ಲಿರಬೇಕು, ಪಾಪ. ಕಣ್ಣು ಮುಚ್ಚಿ ಮುಖ ಒಡ್ಡಿದೆ. ಅಮ್ಮನ ಬೆರಳು ತಂಪಾಗಿತ್ತು. ಅಷ್ಟು ಸುಖವಾಗಿ ನಾನು ಎಷ್ಟೋ ವರ್ಷಗಳಿಂದ ನಿದ್ದೆ ಮಾಡಿರಲಿಲ್ಲ. ಮರುದಿನವೂ ಹಚ್ಚಿಸಿಕೊಂಡೆ, ಅದರ ಮರುದಿನವೂ.

ಐದನೇ ದಿನ ಬೆಳಿಗ್ಗೆ ಕನ್ನಡಿ ನೋಡಿದೆ. ಕೆಂಪು ಇಳಿದಿತ್ತು. ಚರ್ಮ ಹಪ್ಪಳದಂತೆ ಏಳುತ್ತಿತ್ತು. ಮತ್ತು ಹಪ್ಪಳದ ನಡುನಡುವೆ, ಇಪ್ಪತ್ತೆಂಟು ವರ್ಷಗಳ ಬಳಿಕ, ಹಳೆಯ ಜಾಗಗಳನ್ನೇ ಹುಡುಕಿಕೊಂಡು, ಮೊಡವೆಗಳು ಮರಳಿ ಬಂದಿದ್ದವು. ಎಣಿಸಿದೆ. ಹನ್ನೊಂದು! ನಾನು ಕೇಳಿದ್ದು ಯೌವನ. ಅದು ತನ್ನ ಸಾಮಾನು ಸರಂಜಾಮಿನೊಂದಿಗೇ ಬಂದಿತ್ತು.

ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರ್ ಮುಖ ನೋಡಿದರು. "ಎಣ್ಣೆ ಹಾಕಬೇಡಿ ಹೇಳಿದ್ದೆನಲ್ಲ?"

"ಎಣ್ಣೆ ಹಾಕಲಿಲ್ಲ ಡಾಕ್ಟ್ರೆ. ತೆಂಗಿನೆಣ್ಣೆ ಮಾತ್ರ."

ಅವರು ತಿರುಗಿ ಕೂತರು. ಭುಜ ಅಲುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಈ ಕಡೆ ತಿರುಗಿ, ಹೊಸ ಕ್ರೀಮ್ ಬರೆದುಕೊಟ್ಟು, ಹತ್ತು ದಿನದಲ್ಲಿ ಹೋಗುತ್ತದೆ ಎಂದರು. ನನಗಿದ್ದದ್ದು ಮೂರು ದಿನ.

ನಿಶ್ಚಿತಾರ್ಥದ ಹಿಂದಿನ ಸಂಜೆ ಪ್ರಜ್ಞಾಳನ್ನು ಕರೆದು, ಗಂಭೀರವಾಗಿ ರಾಜೀನಾಮೆ ಕೊಟ್ಟೆ. "ವೀಳ್ಯ ನಮ್ಮ ದಾಮೋದರ ಕೊಡಲಿ. ಅವನೂ ನಿನಗೆ ಮಾವನೇ. ಮುಖವೂ ಚೆನ್ನಾಗಿ ಉಂಟು. ಫೋಟೋ ನಾಳೆ ಗೋಡೆಗೆ ಹೋಗುವುದಲ್ವಾ?" ಎಂದೆ. ನಿಜಕ್ಕೂ ಬೇಸರವಾಗಿತ್ತು.

ಅವಳು ನನ್ನ ಮುಖವನ್ನು ಹತ್ತಿರದಿಂದ ನೋಡಿದಳು. "ಮಾಮ, ನಾನು ಹುಟ್ಟಿದಂದಿನಿಂದ ನೋಡಿದ್ದು ಈ ಮುಖವನ್ನೇ. ದಾಮೋದರ ಮಾಮ ಹರಿವಾಣ ಹಿಡಿದರೆ ನಾನು ಕೋಣೆಯಿಂದ ಹೊರಗೆ ಬರುವುದಿಲ್ಲ. ಆಮೇಲೆ ನೀವುಂಟು, ಗಂಡಿನ ಕಡೆಯವರುಂಟು."

ನನ್ನ ಕಣ್ಣು ತುಂಬಿತು. ಮುಖಕ್ಕೆ ಉಪ್ಪುನೀರು ಒಳ್ಳೆಯದಲ್ಲವೆಂದು ಶೋಭಾ ಓಡಿ ಬಂದು ಒರೆಸಿದಳು.

ಮರುದಿನ ಹಾಲಿನಲ್ಲಿ ತುಂಬಿದ ಜನ. ಗಂಡಿನ ಕಡೆಯ ಅಜ್ಜಿಯೊಬ್ಬರು ನನಗೆ ಸಿಡುಬು ಎಂದು ತಿಳಿದು ಎರಡು ಕುರ್ಚಿ ಆಚೆ ಹೋಗಿ ಕೂತರು. ಇರಲಿ. ನಾನು ಎದ್ದೆ. ಹರಿವಾಣ ಹಿಡಿದೆ. ಕೆನ್ನೆಗೆ ಕೈ ಹೋಗುವ ಪ್ರಶ್ನೆಯೇ ಇರಲಿಲ್ಲ, ಎರಡೂ ಕೈ ವೀಳ್ಯದಡಿಯಲ್ಲಿದ್ದವು. ಹನ್ನೊಂದು ಮೊಡವೆಗಳೊಂದಿಗೆ ತಲೆಯೆತ್ತಿ, ಕ್ಯಾಮೆರಾವನ್ನು ನೇರವಾಗಿ ನೋಡಿ, ಹಲ್ಲು ಕಾಣುವಂತೆ ನಕ್ಕೆ. ಪ್ರಜ್ಞಾ ಬಾಗಿಲ ಬಳಿ ನಿಂತು ನಗುತ್ತಿದ್ದಳು. ಅಷ್ಟು ಸಂತೋಷದ ಗಳಿಗೆ ನನ್ನ ಬದುಕಿನಲ್ಲಿ ಹೆಚ್ಚು ಬಂದಿಲ್ಲ.

ತಿಂಗಳು ಕಳೆದು ಫೋಟೋ ಬಂತು. ದೊಡ್ಡ ಫ್ರೇಮು, ಸುಂದರ ಬೆಳಕು. ವೀಳ್ಯದೆಲೆಯ ನರನರವೂ ಕಾಣುತ್ತಿತ್ತು. ಹರಿವಾಣ ಕೊಡುವ ಎರಡು ಕೈ, ತೆಗೆದುಕೊಳ್ಳುವ ಎರಡು ಕೈ. ಅಷ್ಟೇ.

"ಮುಖ ಎಲ್ಲಿ?" ಎಂದು ಫೋಟೋಗ್ರಾಫರಿಗೆ ಫೋನ್ ಮಾಡಿದೆ.

"ಈಗ ಹೀಗೇ ಸರ್, ವೀಳ್ಯಕ್ಕೆ ಕೈ ಮಾತ್ರ ಕ್ಲೋಸಪ್. ಮುಖ ಎಲ್ಲ ಹಳೇ ಸ್ಟೈಲ್" ಎಂದರು ಅವರು.

ಈಗ ನಮ್ಮ ಹಾಲಿನಲ್ಲಿ ಎರಡು ಫೋಟೋಗಳಿವೆ. ಒಂದರಲ್ಲಿ ನನ್ನ ಕೈ ನನ್ನ ಮುಖವನ್ನು ಮುಚ್ಚಿದೆ. ಇನ್ನೊಂದರಲ್ಲಿ ಮುಖವೇ ಇಲ್ಲ, ಕೈ ಮಾತ್ರ ಇದೆ. ಉಗುರಿನ ಸಂದಿಯಲ್ಲಿ ಬಿಳಿ ಪೈಂಟ್ ಸ್ಪಷ್ಟವಾಗಿ ಕಾಣುತ್ತದೆ.

ಮೊನ್ನೆ ಅಮ್ಮ ಕನ್ನಡಕ ಹಾಕಿಕೊಂಡು ಹೊಸ ಫೋಟೋದ ಮುಂದೆ ತುಂಬ ಹೊತ್ತು ನಿಂತಳು.

"ಕೈ ಎಷ್ಟು ಒಣಗಿದೆ ನೋಡು ಮಗಾ" ಎಂದಳು. "ಅವತ್ತು ಸ್ವಲ್ಪ ಕೈಗೂ ಹಚ್ಚಬೇಕಿತ್ತು."