ಹೆದರಿಕೆ ದಾಟದ ಮಂಚ

ಧೈರ್ಯವಂತರಿಗೆ ಮಂಚದ ಗೊಡವೆಯೇ ಬೇಕಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಕಾಫಿ ಮೂಟೆಗಳ ಸಂದಿಯಲ್ಲಿ, ಮದುವೆ ಮನೆಯ ಜಮಖಾನದ ತುದಿಯಲ್ಲಿ, ಎಲ್ಲಿ ಬೇಕಾದರೂ ಬಿದ್ದುಕೊಂಡು ಗೊರಕೆ ಹೊಡೆಯುತ್ತಾರೆ. ಮಂಚದ ತಲೆ ಯಾವ ಕಡೆಗಿರಬೇಕು, ಅದಕ್ಕೂ ಕಿಟಕಿಗೂ ಎಷ್ಟು ದೂರ ಇರಬೇಕು, ಅದರ ಕೆಳಗೆ ಕತ್ತಲೆ ಎಷ್ಟಿದೆ ಎಂದೆಲ್ಲ ತಲೆ ಕೆಡಿಸಿಕೊಳ್ಳುವವರು ಪುಕ್ಕಲರು. ನಾನು ಆ ಗುಂಪಿನವನು. ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ, ಹೇಳದೆಯೇ ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ಹಲ್ಲಿ ಲೊಚಗುಟ್ಟಿದರೆ ಎದ್ದು ಕೂರುತ್ತೇನೆ. ಹೆಂಚಿನ ಮೇಲೆ ಇಲಿ ಓಡಿದರೆ ಅದು ಇಲಿ ಎಂದು ಬುದ್ಧಿಗೆ ಗೊತ್ತಾಗುತ್ತದೆ, ಆದರೆ ಬುದ್ಧಿ ಆ ಸುದ್ದಿಯನ್ನು ಕೈಕಾಲಿಗೆ ಮುಟ್ಟಿಸುವಷ್ಟರಲ್ಲಿ ಅವು ನಡುಗಲು ಶುರು ಮಾಡಿರುತ್ತವೆ. ಇಂಥ ಮನುಷ್ಯ ಒಬ್ಬನೇ ಇರುವಷ್ಟು ದಿನ ಯಾರಿಗೂ ತೊಂದರೆಯಿಲ್ಲ. ಮದುವೆಯಾದ ಮೇಲೆ ಅವನ ಹೆದರಿಕೆ ಇಬ್ಬರ ಆಸ್ತಿಯಾಗುತ್ತದೆ.

ಆಗ ನಾನು ಹಾನುಬಾಳಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೊಬೈಲ್ ಫೋನು ಇನ್ನೂ ನಮ್ಮ ಗುಡ್ಡ ಹತ್ತಿರಲಿಲ್ಲ, ಕರೆಂಟು ತನಗೆ ಮನಸ್ಸಾದಾಗ ಬಂದು ಹೋಗುತ್ತಿತ್ತು. ನನ್ನ ಹೆಂಡತಿ ಗಿರಿಜ ಆಲೂರು ಕಡೆಯವಳು, ಸರ್ಕಾರಿ ನರ್ಸು. ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಟರೆ ಎಸ್ಟೇಟುಗಳ ಕೂಲಿಯವರ ಲೈನ್ ಮನೆಗಳನ್ನೆಲ್ಲ ಸುತ್ತಿ, ಮಕ್ಕಳಿಗೆ ಚುಚ್ಚುಮದ್ದು ಹಾಕಿ, ಬಸುರಿಯರನ್ನು ನೋಡಿ, ಸಂಜೆ ವನಗೂರು ಕಡೆಯಿಂದ ಬರುವ ಜೀಪಿನ ಹಿಂಬದಿಯಲ್ಲಿ ನಿಂತುಕೊಂಡು ಮನೆಗೆ ಬರುವವಳು. ಒಂದು ದಿನ ತೋಟದ ದಾರಿಯಲ್ಲಿ ಒಂಟಿ ಸಲಗ ಎದುರಾಯಿತಂತೆ. ಸಿಲ್ವರ್ ಮರದ ಹಿಂದೆ ನಿಂತು, ಅದು ದಾಟಿ ಹೋದ ಮೇಲೆ ಇವಳೂ ದಾಟಿ ಬಂದಳಂತೆ. ಬಸ್ಸು ತಡವಾಗಿ ಬಂತು ಎನ್ನುವ ಧಾಟಿಯಲ್ಲಿ ಇದನ್ನು ಹೇಳಿ ರೊಟ್ಟಿ ತಟ್ಟಲು ಕೂತಳು. ಕೇಳಿಸಿಕೊಂಡ ನನಗೆ ಅವತ್ತು ಊಟ ಸೇರಲಿಲ್ಲ.

ನಮ್ಮದು ಊರಂಚಿನ ಬಾಡಿಗೆ ಮನೆ, ಹಿಂಬದಿಗೆ ಹೊಂದಿಕೊಂಡೇ ಕಾಫಿ ತೋಟ. ನಾವು ಬರುವ ಹಿಂದಿನ ವರ್ಷ ಪಕ್ಕದ ಮನೆ ಕಮಲಕ್ಕನ ಅಡುಗೆಮನೆ ಕಿಟಕಿಗೆ ಆನೆ ಸೊಂಡಿಲು ಹಾಕಿ ಅಕ್ಕಿ ಚೀಲ ಎಳೆದುಕೊಂಡು ಹೋಗಿತ್ತು. ಕಮಲಕ್ಕ ನಮ್ಮ ಗೃಹಪ್ರವೇಶದ ದಿನವೇ ಆ ಕಥೆಯನ್ನು ಸೊಂಡಿಲಿನ ಅಭಿನಯ ಸಮೇತ ಹೇಳಿದ್ದರು. ನಮ್ಮ ಮಲಗುವ ಕೋಣೆಯಲ್ಲಿ ಒಂದು ಕಡೆ ತೋಟದತ್ತ ತೆರೆಯುವ ಕಿಟಕಿ, ಇನ್ನೊಂದು ಕಡೆ ಬಾಗಿಲು. ನಡುವೆ ಮಂಚ. ಕಿಟಕಿ ಕಡೆ ಮಲಗಿದರೆ ಆನೆ, ಬಾಗಿಲ ಕಡೆ ಮಲಗಿದರೆ ಕಳ್ಳ. ಗಂಡಸು ಬಾಗಿಲ ಕಡೆಯೇ ಮಲಗಬೇಕೆಂದು ನಮ್ಮ ಹಿರಿಯರು ಬೇರೆ ಹೇಳಿಟ್ಟಿದ್ದಾರೆ. ನನಗೆ ಬೇಕಿದ್ದದ್ದು ನಡುವಿನ ಜಾಗ, ಆದರೆ ಇಬ್ಬರು ಮಲಗುವ ಮಂಚದಲ್ಲಿ ನಡು ಅಂತ ಒಂದು ಜಾಗವೇ ಇರುವುದಿಲ್ಲ. ಊರಿಂದ ನಮ್ಮತ್ತೆ ಬಂದಾಗ, ಅವರನ್ನೂ ಅದೇ ಮಂಚದಲ್ಲಿ ಮಲಗಿಸಿದರೆ ಹೇಗೆ ಎಂಬ ಆಲೋಚನೆ ಕೂಡ ಒಂದು ಗಳಿಗೆ ಬಂದು ಹೋಯಿತು. ಬಾಯಿಬಿಟ್ಟು ಹೇಳದೆ ಇದ್ದದ್ದು ನನ್ನ ಪುಣ್ಯ.

ತೊಂದರೆ ಇದ್ದದ್ದು ನನ್ನ ಹೆದರಿಕೆಯಲ್ಲಲ್ಲ, ಅದನ್ನು ಮಂಚ ಹೊತ್ತೊಯ್ಯುತ್ತಿದ್ದ ರೀತಿಯಲ್ಲಿ. ಹೊರಗೆ ಹಲಸಿನ ಎಲೆ ಬಿದ್ದರೆ ನಾನು ಬೆಚ್ಚುತ್ತಿದ್ದೆ. ನಾನು ಬೆಚ್ಚಿದರೆ ಮಂಚ ಅಲ್ಲಾಡುತ್ತಿತ್ತು, ಮಂಚ ಅಲ್ಲಾಡಿದರೆ ಗಿರಿಜ ಏಳುತ್ತಿದ್ದಳು. "ಏನೂ ಇಲ್ಲ ಕಣ್ರೀ, ಸುಮ್ಕೆ ಮಲ್ಕಳಿ" ಎಂದು ನನ್ನ ಕಡೆ ಒಂದು ಕೈ ಚಾಚಿ ತಟ್ಟುತ್ತಿದ್ದಳು. ಅಷ್ಟು ಕೇಳಿದರೆ ನನಗೆ ಗಡದ್ದಾಗಿ ನಿದ್ದೆ. ಅವಳಿಗೆ ಮಾತ್ರ ಹೋದ ನಿದ್ದೆ ವಾಪಸು ಬರುತ್ತಿರಲಿಲ್ಲ. ಗುಡ್ಡ ಹತ್ತಿಳಿದು ಬಂದ ಜೀವ. ಹೀಗೇ ನಡೆದು ನಡೆದು ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಒಂದು ಭಾನುವಾರ ಕಾಫಿ ಲೋಟ ಎದುರಿಗಿಟ್ಟು ಕೂತು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು. "ನಿನ್ನೆ ಲೈನ್ ಮನೇಲಿ ಮಗೂಗೆ ಸೂಜಿ ಹಾಕೋವಾಗ ತೂಕಡಿಸ್‌ಬುಟ್ಟೆ ಕಣ್ರೀ. ಸೂಜಿ ಕೈಲೈತೆ, ಕಣ್ಣು ಮುಚ್ಚೋಗೈತೆ. ನಂಗೆ ನಿದ್ದೆ ಬೇಕೇ ಬೇಕು. ಮಂಚಕ್ಕೆ ಏನಾರ ದಾರಿ ನೋಡಿ. ಇಲ್ದಿದ್ರೆ ನರ್ಸ್ ಕ್ವಾರ್ಟರ್ಸು ಖಾಲಿ ಐತೆ, ರಾತ್ರಿ ಅಲ್ಲೇ ಮಲಗ್ತೀನಿ."

ಸಿಟ್ಟು ಮಾಡಿಕೊಂಡು ಹೇಳಿದ್ದರೆ ಹೆದರುತ್ತಿರಲಿಲ್ಲ. ಗಿರಿಜ ಸಮಾಧಾನದಿಂದ ಹೇಳಿದ್ದನ್ನು ಮಾಡಿಯೇ ತೀರುವವಳು. ಕಿಟಕಿ ಮತ್ತು ಬಾಗಿಲ ನಡುವೆ ನಾನೊಬ್ಬನೇ ಮಲಗಿರುವ ಚಿತ್ರ ಕಣ್ಣಿಗೆ ಕಟ್ಟಿತು. ಎರಡು ಬೇರೆ ಬೇರೆ ಮಂಚ ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಹಾಗೆ ಕೇಳುವವರು ಸಣ್ಣ ಊರಲ್ಲಿ ಬಾಳ್ವೆ ಮಾಡಿದವರಲ್ಲ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಎರಡನೇ ಮಂಚ ಬಂತು ಎಂದರೆ ಅದು ಬಾಗಿಲು ದಾಟುವ ಮೊದಲೇ ಕಮಲಕ್ಕ ಬರುತ್ತಾರೆ. ಆಮೇಲೆ ಅತ್ತೆ, ಮಾವ, ಹೆಡ್‌ಮೇಷ್ಟ್ರು ಒಬ್ಬೊಬ್ಬರೇ ಬಂದು ನಮ್ಮನ್ನು ಒಂದು ಮಾಡುವ ಪಂಚಾಯಿತಿಗೆ ಕೂರುತ್ತಾರೆ. ಆದ್ದರಿಂದ ನೋಡಿದವರಿಗೆ ಒಂದೇ ಆಗಿ ಕಾಣುವ, ಇಬ್ಬರೂ ಮಲಗುವ, ಆದರೆ ನನ್ನ ಹೆದರಿಕೆ ಅವಳ ಕಡೆಗೆ ದಾಟದ ಮಂಚವೊಂದು ಆಗಬೇಕಿತ್ತು. ಡ್ರಾಯಿಂಗ್ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೆ? ಡ್ರಾಯಿಂಗ್ ಶೀಟು ಹರಡಿಕೊಂಡು ಕೂತೆ.

ಮೊದಲ ವಿನ್ಯಾಸದ ತತ್ವ ಭಾರ. ಅಲ್ಲಾಡಲಾಗದಷ್ಟು ತೂಕದ ಮಂಚ ಮಾಡಿದರೆ ಅದು ಹೇಗೆ ಅಲ್ಲಾಡೀತು? ಊರ ಬಡಗಿ ಶಿವಣ್ಣಾಚಾರಿ ನನ್ನ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಮಂಚವೋ ಸೇತುವೆಯೋ ಮಾರಾಯ್ರೇ?" ಎಂದ. ಹಲಸಿನ ಮರದಲ್ಲಿ ಮಾಡಿಕೊಟ್ಟ. ಅದನ್ನು ಒಳಗೆ ತರಲು ಶಾಲೆಯ ಕಬಡ್ಡಿ ತಂಡವೇ ಬರಬೇಕಾಯಿತು. ನಿಜಕ್ಕೂ ಅದು ಅಲ್ಲಾಡಲಿಲ್ಲ. ಆದರೆ ನನ್ನ ಆತುರಕ್ಕೆ ಸಿಕ್ಕಿದ್ದು ಹಸಿ ಮರ. ಧನುರ್ಮಾಸದ ಚಳಿಗೆ ಅದು ಒಣಗುತ್ತ, ಹೊತ್ತಲ್ಲದ ಹೊತ್ತಿನಲ್ಲಿ ಕೋವಿ ಹಾರಿಸಿದ ಹಾಗೆ ಟಪ್ಪೆಂದು ಸಿಡಿಯುತ್ತಿತ್ತು. ಮೊದಲು ಹೆದರಿಕೆ ಹೊರಗಿನಿಂದ ಬರುತ್ತಿತ್ತು, ಈಗ ನನ್ನ ಬೆನ್ನ ಕೆಳಗಿನಿಂದಲೇ ಬರತೊಡಗಿತು. ಬೆಚ್ಚಿದರೆ ಮಂಚ ಅಲ್ಲಾಡುತ್ತಿರಲಿಲ್ಲ ನಿಜ, ಆದರೆ ನಾನು "ಅಯ್ಯಪ್ಪಾ" ಎಂದು ಕೂಗಿಕೊಳ್ಳುತ್ತಿದ್ದುದರಿಂದ ಗಿರಿಜಳಿಗೆ ಸಿಗಬೇಕಾದ ಲಾಭ ಸಿಗಲಿಲ್ಲ.

ಎರಡನೆಯ ಸಲಹೆ ಕೊಟ್ಟವರು ಸಕಲೇಶಪುರದಲ್ಲಿ ಜೀಪು ರಿಪೇರಿ ಅಂಗಡಿ ಇಟ್ಟಿದ್ದ ಖಾದರ್ ಭಾಯಿ. ನಾನು ಸಂಕಟ ಹೇಳಿಕೊಂಡಾಗ ಎಣ್ಣೆ ಕೈ ಒರೆಸಿಕೊಂಡು ನಕ್ಕರು. "ಮೇಷ್ಟ್ರೇ, ಬಿಸಿಲೆ ರೋಡಲ್ಲಿ ಜೀಪಲ್ಲಿ ಕೂತೋರ ಸೊಂಟ ಉಳಿಸೋದು ಯಾವ್ದು? ಕಮಾನು ಪಟ್ಟಿ! ಹಳೇದು ನಾಲ್ಕು ಸೆಟ್ ಬಿದ್ದೈತೆ, ಮಂಚದ ಕಾಲಿಗೆ ಕೂರಿಸ್ತೀನಿ. ನೀವು ಕುಣಿದ್ರೂ ಮೇಡಮ್ಮೋರಿಗೆ ಗೊತ್ತಾಗಕ್ಕಿಲ್ಲ" ಎಂದರು. ನನಗೆ ಬಿಸಿಲೆ ರೋಡಿನಲ್ಲಿ ಜೀಪಿನ ಚಾವಣಿಗೆ ತಲೆ ಬಡಿಸಿಕೊಂಡು ಹೋದ ಅನುಭವವಿತ್ತು, ಆದರೂ ನಂಬಿದೆ. ಸಂಕಟದಲ್ಲಿರುವವನು ತಲೆಗೆ ಪೆಟ್ಟು ಬಿದ್ದ ನೆನಪನ್ನೂ ಮರೆಯುತ್ತಾನೆ. ಅವರೇ ಮನೆಗೆ ಬಂದು ಪಟ್ಟಿ ಜೋಡಿಸಿ, ಹಗಲಲ್ಲೇ ಪರೀಕ್ಷೆ ಮಾಡೋಣವೆಂದು ಗಿರಿಜಳನ್ನು ಕಿಟಕಿ ಕಡೆ ಮಲಗಿಸಿದರು. ನಾನು ಬಾಗಿಲ ಕಡೆ ಮಲಗಿದೆ. "ಈಗ ಹೆದರ್ಕಳಿ ಮೇಷ್ಟ್ರೇ" ಎಂದರು. ಹಾಗೆ ಹೇಳಿದ ಕೂಡಲೇ ಹೆದರಲು ಬರುತ್ತದೆಯೆ? ನಾನು ಯೋಚಿಸುತ್ತಿರುವಾಗ ಅವರು ಸ್ಪ್ಯಾನರಿನಿಂದ ಕಿಟಕಿ ಸರಳಿಗೆ ಢಣ್ ಎಂದು ಬಾರಿಸಿದರು. ನಾನು ಬೆಚ್ಚಿದೆ. ಪಟ್ಟಿಗಳು ನನ್ನ ಹೆದರಿಕೆಯನ್ನು ಮರ್ಯಾದೆಯಿಂದ ಬರಮಾಡಿಕೊಂಡು, ದುಪ್ಪಟ್ಟು ಮಾಡಿ ಆ ಕಡೆಗೆ ಕಳಿಸಿದವು. ಗಿರಿಜ ಗೋಡೆಗೆ ಹೋಗಿ ತಾಗಿದಳು. ಎದ್ದು ಸೀರೆ ಸರಿ ಮಾಡಿಕೊಂಡು, ಟ್ರಂಕು ತೆಗೆದು ಧೂಳು ಒರೆಸಿದಳು.

ಟ್ರಂಕು ಕಂಡ ಮೇಲೆ ನನ್ನ ಬುದ್ಧಿ ಚುರುಕಾಯಿತು. ಪಟ್ಟಿಗಳನ್ನು ಕಳಚಿಸಿ, ಮಂಚವನ್ನು ಉದ್ದಕ್ಕೆ ಎರಡು ಸೀಳು ಮಾಡಿಸಿದೆ. ಎರಡಕ್ಕೂ ಬೇರೆ ಬೇರೆ ಕಾಲು, ನಡುವೆ ನಾಲ್ಕು ಬೆರಳು ಜಾಗ. ಅವಳ ಕಡೆಗೆ ಅವಳ ಸೊಂಟ ಕೇಳುವ ಗಟ್ಟಿ ನಾರಿನ ಹಾಸಿಗೆ, ನನ್ನ ಕಡೆಗೆ ಹುದುಗಿಕೊಳ್ಳಲು ಅನುಕೂಲವಾದ ಬೂರುಗದ ಹತ್ತಿಯದು. ಮೇಲೆ ಎರಡನ್ನೂ ಮುಚ್ಚುವ ಒಂದೇ ದೊಡ್ಡ ಮೇಲುಹಾಸು. ಕಮಲಕ್ಕ ಒಂದು ನೆಪ ಮಾಡಿಕೊಂಡು ಬಂದು ನೋಡಿ, "ಮಂಚ ಚೆನ್ನಾಗೈತೆ, ಅಗಲವಾಗೈತೆ" ಎಂದು ಹೋದರು. ಈ ಸಲ ಗೆದ್ದೆ. ನಾನು ನನ್ನ ಅರ್ಧದಲ್ಲಿ ಎಷ್ಟು ನಡುಗಿದರೂ ಅವಳ ಅರ್ಧಕ್ಕೆ ಸುದ್ದಿ ಹೋಗುತ್ತಿರಲಿಲ್ಲ. ಗಿರಿಜ ಮಲಗಿದವಳು ಬೆಳಗ್ಗೆಯೇ ಏಳತೊಡಗಿದಳು. ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು, ಟ್ರಂಕು ಅಟ್ಟಕ್ಕೆ ಹೋಯಿತು. ಸ್ಟಾಫ್ ರೂಮಿನಲ್ಲಿ ನಾನು ಒಂದು ವಾರ ಸ್ವಲ್ಪ ಎದೆ ಉಬ್ಬಿಸಿಕೊಂಡೇ ಓಡಾಡಿದೆ.

ಆದರೆ ಮಂಚ ಗೆದ್ದಿತು ಎನ್ನುವುದರ ಅರ್ಥ ನನಗೆ ಹೊಳೆಯಲು ತಡವಾಯಿತು. ಅವಳು ಏಳದಿದ್ದ ಮೇಲೆ "ಏನೂ ಇಲ್ಲ ಕಣ್ರೀ" ಎನ್ನುವವರು ಯಾರು? ಇಷ್ಟು ದಿನ ಇಬ್ಬರು ಹೊರುತ್ತಿದ್ದ ಹೆದರಿಕೆಯನ್ನು ಈಗ ನಾನೊಬ್ಬನೇ ಹೊರಬೇಕಾಯಿತು. ಎಬ್ಬಿಸುವಂತಿಲ್ಲ, ಎಬ್ಬಿಸಿದರೆ ಕ್ವಾರ್ಟರ್ಸು. ಕಂಬಳಿಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಿದ್ದಿರುತ್ತಿದ್ದೆ. ಹಾಗಿರುವಾಗಲೇ ಅದು ಶುರುವಾಯಿತು. ಒಂದು ರಾತ್ರಿ ಕತ್ತಲಲ್ಲಿ ಯಾವುದೋ ತಣ್ಣನೆಯ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು.

ಅದು ಬಂದದ್ದು ಆ ನಾಲ್ಕು ಬೆರಳಿನ ಸಂದಿಯ ಕಡೆಯಿಂದ, ಎಂದರೆ ಮಂಚದ ಕೆಳಗಿನಿಂದ. ನನ್ನ ಲೆಕ್ಕದಲ್ಲಿ ಅನುಮಾನವೇ ಇರಲಿಲ್ಲ. ಬೆರಳುಗಳು ಮಣಿಕಟ್ಟನ್ನು ಮೆಲ್ಲಗೆ ಒತ್ತಿ, ಸ್ವಲ್ಪ ಹೊತ್ತು ಕಾದು, ಬಿಟ್ಟು ಹೋದವು. ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡಿ, ಇನ್ನೆರಡು ದಿನ ಇರಲಿ ಎಂದು ಬಿಟ್ಟು ಹೋಗುತ್ತಾರಲ್ಲ, ಹಾಗೆ. ನನ್ನನ್ನು ಕೊಂಡೊಯ್ಯಲು ಬಂದವರು ದಿನ ನೋಡಿಕೊಂಡು ಹೋಗುತ್ತಿದ್ದಾರೆ ಎಂದು ಖಾತ್ರಿಯಾಯಿತು. ಮರುದಿನ ರಾತ್ರಿಯೂ ಬಂತು, ಅದರ ಮರುದಿನವೂ ಬಂತು. ಕೈಯನ್ನು ಕಂಬಳಿಯೊಳಗೆ ಮುಚ್ಚಿಟ್ಟರೆ ಕಂಬಳಿಯೊಳಗೇ ಹುಡುಕಿ ಹಿಡಿಯಿತು. ನಾನು ಬೆಚ್ಚುವುದನ್ನೂ ನಿಲ್ಲಿಸಿ ಕಟ್ಟಿಗೆಯ ಹಾಗೆ ಸೆಟೆದು ಮಲಗತೊಡಗಿದೆ, ಅಲ್ಲಾಡಿದರೆ ಬಲಿತಿದ್ದೇನೆಂದು ತಿಳಿದುಬಿಟ್ಟರೆ? ಕೈ ಬಿಟ್ಟು ಹೋದ ಮೇಲೆ ಕಣ್ಣು ತೆರೆದರೆ, ಪಕ್ಕದಲ್ಲಿ ಗಿರಿಜ ಗೋಡೆ ಕಡೆ ಮುಖ ಮಾಡಿ ಮಲಗಿರುವುದು ಮಬ್ಬಾಗಿ ಕಾಣುತ್ತಿತ್ತು. ಇಷ್ಟು ಹತ್ತಿರ ಇದ್ದೂ ಇವಳಿಗೆ ಏನೂ ಗೊತ್ತಿಲ್ಲವಲ್ಲ ಎಂದು ಅಳು ಬಂತು. ಹಗಲು ತರಗತಿಯಲ್ಲಿ ಬೋರ್ಡಿನ ಮೇಲೆ ಹೂದಾನಿ ಬರೆಯಲು ಹೋದರೆ ಗೆರೆ ತಾನಾಗಿಯೇ ನಡುಗಿಕೊಂಡು ಹೋಗುತ್ತಿತ್ತು. ಹುಡುಗರು ಅದನ್ನೂ ನಡುಗಿಸಿಯೇ ಬರೆದುಕೊಂಡರು.

ಒಂದು ಶನಿವಾರ ಮಧ್ಯಾಹ್ನ ಗಿರಿಜ ಶಾಲೆಯ ಹತ್ತಿರವೇ ಬಂದು, "ನಡೀರಿ, ಸಕಲೇಶಪುರಕ್ಕೆ ಹೋಗಿ ಬರಾಣ" ಎಂದು ಜೀಪು ಹತ್ತಿಸಿದಳು. ಅವಳ ಕಣ್ಣ ಕೆಳಗೆ ಕಪ್ಪು ಮತ್ತೆ ಬಂದಿತ್ತು. ನಮ್ಮನ್ನು ಬಲ್ಲ ಒಬ್ಬ ವಯಸ್ಸಾದ ಡಾಕ್ಟರ ಮುಂದೆ ನನ್ನನ್ನು ಕೂರಿಸಿ, ಸೆರಗಿನ ತುದಿಯನ್ನು ಹಿಂಡುತ್ತ ಹೇಳಿದಳು. "ಇವರ ಹೃದಯ ನೋಡಿ ಸಾರ್. ಹೊಸ ಮಂಚ ಬಂದಾಗಿಂದ ರಾತ್ರಿ ಒಂದು ಚೂರೂ ಅಲ್ಲಾಡಲ್ಲ. ಮೊದ್ಲು ನಡುಗ್ತಿದ್ರು, ಉಸಿರಾಡ್ತಾ ಅವ್ರೆ ಅನ್ನೋದಾದ್ರೂ ಗೊತ್ತಾಗ್ತಿತ್ತು. ಈಗ ಇದ್ದಾರೋ ಇಲ್ವೋ ಅಂತ ಗಾಬರಿಯಾಗ್ತೈತೆ. ದಿನಾ ರಾತ್ರಿ ಎದ್ದು ಕೈ ಹಿಡಿದು ನಾಡಿ ನೋಡ್ತೀನಿ. ಕುದುರೆ ಓಡ್ದಂಗೆ ಓಡ್ತೈತೆ ಸಾರ್! ಹೇಳಿದ್ರೆ ಆ ಹೆದರಿಕೆಗೇ ಎಲ್ಲಿ ಎದೆ ಒಡ್ಕಂತಾರೋ ಅಂತ ಹೇಳಲಿಲ್ಲ." ಒಂಟಿ ಸಲಗಕ್ಕೆ ಹೆದರದ ನನ್ನ ಹೆಂಡತಿ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಹೆದರಿದ್ದು ನನಗಾಗಿ ಎಂದು ತಿಳಿದು ನನಗೂ ಕಣ್ಣು ತುಂಬಿತು. ಅದರ ಹಿಂದೆಯೇ, ಇಷ್ಟು ದಿನ ಯಾರ ಕೈಗೆ ಹೆದರಿ ಕಟ್ಟಿಗೆಯಾಗಿದ್ದೆ ಎಂಬುದೂ ಹೊಳೆಯಿತು.

ಡಾಕ್ಟರು ಎದೆಗೆ ವೈರು ಅಂಟಿಸಿ, ಇಸಿಜಿ ಕಾಗದದ ಪಟ್ಟಿ ತೆಗೆದು, ಕನ್ನಡಕದ ಮೇಲಿಂದ ನೋಡಿದರು. "ಹೃದಯ ಚೆನ್ನಾಗೇ ಇದೆಯಲ್ಲ. ರಾತ್ರಿ ಮಾತ್ರ ಓಡುತ್ತೆ ಅಂದರೆ... ಏನಾದರೂ ಭಯ ಗಿಯ ಇದೆಯೇನ್ರೀ ಮೇಷ್ಟ್ರೇ?" ಗಿರಿಜ ನನ್ನ ಮುಖ ನೋಡಿದಳು. ಭಯ ಎಂದರೆ ಅದಕ್ಕೆ ಅವಳ ಹತ್ತಿರ ಇರುವ ಔಷಧಿ ನರ್ಸ್ ಕ್ವಾರ್ಟರ್ಸು. ಹೃದಯ ಎಂದರೆ ಅವಳು ಪಕ್ಕ ಬಿಟ್ಟು ಕದಲುವುದಿಲ್ಲ. "ಭಯವೇ? ಛೆ, ಅಂಥದ್ದೇನೂ ಇಲ್ಲ ಸಾರ್" ಎಂದೆ. ಡಾಕ್ಟರು ನಸುನಕ್ಕು ಯಾವುದೋ ಶಕ್ತಿಯ ಮಾತ್ರೆ ಬರೆದುಕೊಟ್ಟು, ರಾತ್ರಿ ಸ್ವಲ್ಪ ನಿಗಾ ಇರಲಿ ಎಂದರು.

ಅದೇ ವಾರ ಶಿವಣ್ಣಾಚಾರಿ ಬಂದು ಎರಡು ಅರ್ಧಗಳನ್ನೂ ಸೇರಿಸಿ ಬೋಲ್ಟು ಬಿಗಿದು ಹೋದ. ಗಿರಿಜ ಮಲಗುವಾಗಲೇ ನನ್ನ ಮಣಿಕಟ್ಟು ಹಿಡಿದುಕೊಂಡು, ಹಿಡಿದಂತೆಯೇ ನಿದ್ದೆ ಹೋಗತೊಡಗಿದಳು. ಮತ್ತೆ ಮತ್ತೆ ಎದ್ದು ನೋಡುವ ಕೆಲಸ ಅವಳಿಗೂ ತಪ್ಪಿತು. ಆ ಕೈ ಯಾರದೆಂದು ಗೊತ್ತಾದ ಮೇಲೆ ನನಗೆ ಆನೆ, ಕಳ್ಳ ಎಲ್ಲ ಮರೆತು ನಿದ್ದೆ ಬರುತ್ತಿತ್ತು. ಹೀಗೇ ತಿಂಗಳು ಕಳೆಯಿತು. ಒಂದು ದಿನ ಅವಳು ಕೈ ಹಿಡಿದು ಸ್ವಲ್ಪ ಹೊತ್ತು ನೋಡಿ, "ನಾಡಿ ಸರಿಯಾಗೈತೆ ಕಣ್ರೀ. ವಾಸಿ ಆದಂಗೆ ಕಾಣ್ತೈತೆ. ನಾಳೆಯಿಂದ ಕೈ ಹಿಡಿಯೋದು ಬೇಡ ಅಲ್ವಾ?" ಎಂದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಬೆರಳುಗಳ ಕೆಳಗೆ ನನ್ನ ನಾಡಿ ದಡದಡನೆ ಓಡಲು ಶುರುಮಾಡಿತು. "ಅಯ್ಯೋ, ಎಲ್ಲಿ ವಾಸಿ ಆಗೈತೆ!" ಎಂದು ಗಿರಿಜ ಹಿಡಿತವನ್ನು ಬಿಗಿ ಮಾಡಿದಳು. ನಾನು ಪುಕ್ಕಲನಾಗಿ ಹುಟ್ಟಿದ್ದು ಸಾರ್ಥಕವಾಯಿತು.