ಸಾಫ್ಟ್‌ವೇರ್ ಸ್ವಯಂವರ

ಯಜಮಾನರು ಒಂದು ಕೊಡೆ ಆರಿಸುವಷ್ಟರಲ್ಲಿ ಮೂರು ಮಳೆಗಾಲ ತೊಪ್ಪೆಯಾಗಿ ನೆನೆದವರು. ಅಂಥವರ ಕೈಗೆ ಹೆಂಡತಿಯ ಕಂಪ್ಯೂಟರಿನ ಪ್ರಾಣ ಸಿಕ್ಕಿತು.

ಆಕೆಯದು ಕಸೂತಿ ಕೆಲಸ. ಮುಂದಿನ ಕೋಣೆಯಲ್ಲಿ ಕಸೂತಿ ಯಂತ್ರ, ಪಕ್ಕದಲ್ಲೇ ಕಂಪ್ಯೂಟರು. ಹೂವು, ಹಕ್ಕಿ, ಶಾಲೆಯ ಅಂಗಿಯ ಲಾಂಛನ, ಹೀಗೆ ಕಣ್ಣು ಕೆಂಪಗೆ ಮಾಡಿಕೊಂಡು ಬರೆದ ನಮೂನೆಗಳೆಲ್ಲ ಅದರ ಹಾರ್ಡ್ ಡಿಸ್ಕಿನಲ್ಲಿ. ಒಂದು ಬೆಳಿಗ್ಗೆ ಆ ಡಿಸ್ಕು ಕಟಕಟ ಹಲ್ಲು ಕಡಿಯತೊಡಗಿತು.

"ರೀ, ಇದು ಹೋದ್ರೆ ನನ್ನ ಅನ್ನಾನೇ ಹೋಯ್ತು. ಬೇಗ ಏನಾದ್ರೂ ಮಾಡಿ."

ಸಂಜೆಯೇ ಹೊಸ ಡಿಸ್ಕು ಬಂತು. ಅದೇ ಕಂಪನಿ, ಅದೇ ಅಳತೆ; ಆರಿಸುವ ತೊಂದರೆಯೇ ಇರಲಿಲ್ಲ. (ಈ ಕಥೆಯಲ್ಲಿ ಬೇಗ ಆದದ್ದು ಇದೊಂದೇ.) ಹಳೆಯದರಲ್ಲಿರುವುದನ್ನು ಚಾಚೂ ತಪ್ಪದೆ ಹೊಸದಕ್ಕೆ ನಕಲಿಸಲು ಸಾಫ್ಟ್‌ವೇರ್ ಬೇಕಲ್ಲ, ಅದರ ಸ್ವಯಂವರ ಶುರುವಾಯಿತು. ಒಂದು ಬಹಳ ಚುರುಕು, ಅವಸರಗೇಡಿ ಇರಬಹುದು. ಇನ್ನೊಂದು ನಿಧಾನ; ಸೋಮಾರಿಯೇ ಇರಬೇಕು. ಮತ್ತೊಂದನ್ನು ಎಲ್ಲರೂ ಹೊಗಳಿದ್ದರು; ಎಲ್ಲರೂ ಹೊಗಳುವುದರಲ್ಲಿ ಏನೋ ಮಸಲತ್ತಿರುತ್ತದೆ. ಪುಕ್ಕಟೆ ಸಿಗುವುದನ್ನಂತೂ ಅವರು ಬಾಗಿಲಲ್ಲೇ ಅಟ್ಟಿದರು.

ಈ ಮಧ್ಯೆ ಹೆಂಡತಿ ಬಂದು ಏನೋ ಉದ್ದಕ್ಕೆ ಹೇಳಿದಳು.

"ಹೂಂ," ಎಂದರು.

"ಕೇಳಿಸ್ತಾ?"

"ಹೂಂ ಹೂಂ."

ಮರುದಿನದಿಂದ ಕಟಕಟ ನಿಂತುಹೋಯಿತು. ಯಜಮಾನರ ಮುಖ ಬಿಳಿಚಿಕೊಂಡಿತು. ರೋಗಿ ನರಳುವುದನ್ನೂ ಬಿಟ್ಟರೆ ಉಳಿದದ್ದೇನು? ಹಾಗಂತ ಆತುರಪಡಲಿಲ್ಲ. ಇನ್ನೊಂದು ತಿಂಗಳು ತೂಗಿ ನೋಡಿ, ಕೊನೆಗೆ ಚಕ್ರವರ್ತಿಯಂಥ ಒಂದು ಸಾಫ್ಟ್‌ವೇರಿಗೆ ಮಾಲೆ ಹಾಕಿದರು.

ಹೆಂಡತಿ ಅಂಗಿಗಳನ್ನು ಶಾಲೆಗೆ ಮುಟ್ಟಿಸಲು ಹೋದ ಹೊತ್ತು ನೋಡಿ ಕೆಲಸಕ್ಕಿಳಿದರು. ಡಬ್ಬಿಯಿಂದ ಡಿಸ್ಕು ತೆಗೆದು ತಂತಿ ಸಿಕ್ಕಿಸಿದರು. "ಇದರಲ್ಲಿ ಏನೋ ಇದೆ, ಅಳಿಸಲೇ?" ಎಂದಿತು ಚಕ್ರವರ್ತಿ. ಹೊಸ ಡಿಸ್ಕಿನಲ್ಲಿ ಏನಿರುತ್ತದೆ, ಕಾರ್ಖಾನೆಯ ಧೂಳು! ಅಳಿಸು ಎಂದರು. ನಕಲು ಮುಗಿಯುವ ತನಕ ಕಟಕಟ, ಕಟಕಟ. "ಪಾಪ, ಹಳೇದಕ್ಕೆ ಕೊನೇ ಸಂಕಟ," ಎಂದು ಲೊಚಗುಟ್ಟಿದರು.

ಹಳೆಯ ಡಿಸ್ಕನ್ನು ಹಾಗೇ ಎಸೆಯಬಾರದು, ಪುಡಿ ಮಾಡಬೇಕು ಎಂದು ಬಲ್ಲವರು ಬರೆದಿದ್ದರು. ಹೆಂಡತಿಯ ಹಕ್ಕಿಗಳು ಕಳ್ಳರ ಪಾಲಾದರೆ ಲೋಕದ ಗತಿಯೇನು? ಕಂಪ್ಯೂಟರಿನೊಳಗಿದ್ದ ಡಿಸ್ಕನ್ನು ಬಿಚ್ಚಿ, ಹಿತ್ತಲ ಮೆಟ್ಟಿಲ ಮೇಲಿಟ್ಟು, ಏಳು ಬೀದಿ ನಡುಗುವಂತೆ ಸುತ್ತಿಗೆಯಲ್ಲಿ ಬಡಿದರು.

ಹೆಂಡತಿ ಬಂದಾಗ ಡಬ್ಬಿಯ ಡಿಸ್ಕು ಕಂಪ್ಯೂಟರಿನೊಳಗೆ ಕೂತಿತ್ತು. ಯಜಮಾನರು ಎದೆಯುಬ್ಬಿಸಿ ಗುಂಡಿ ಒತ್ತಿದರು.

ಕಟಕಟ.

"ಅಯ್ಯೋ, ಆ ಹಳೇದನ್ನ ಯಾಕ್ರೀ ಹಾಕಿದ್ರಿ?"

"ಹಳೇದಾ? ಇದು ಹೊಸದು ಕಣೇ, ಡಬ್ಬೀಲಿತ್ತು."

"ಹೋದ ತಿಂಗಳೇ ನಾನು ಬದಲಾಯಿಸಿದ್ನಲ್ರೀ! ಡಿಸ್ಕಿನ ಜೊತೆ ಪುಕ್ಕಟೆ ಬರೋ ಸಾಫ್ಟ್‌ವೇರಲ್ಲೇ ಎಲ್ಲಾ ನಕಲು ಮಾಡ್ಕೊಂಡೆ. ಹಳೇದೂ ಒಂದು ಇರ್ಲಿ ಅಂತ ಡಬ್ಬೀಲಿಟ್ಟೆ. ಹೇಳಿದ್ರೆ ನೀವು ಹೂಂ ಹೂಂ ಅಂದ್ರಿ! ಹೊಸದೆಲ್ಲಿ?"

ಯಜಮಾನರು ಹಿತ್ತಲ ಕಡೆ ಕೈ ತೋರಿಸಿದರು. ಆಕೆ ಹೋಗಿ ನೋಡಿ ಬಂದಳು.

"ಗಟ್ಟಿಮುಟ್ಟಾಗಿದ್ದೋನನ್ನ ಬಡಿದು ಸಾಯಿಸಿ, ಸಾಯೋ ಮುದುಕನ ತಲೆ ಮೇಲೆ ಸಂಸಾರ ಹೊರಿಸಿದ್ರಲ್ಲ! ಈಗ ಅದನ್ನ ಮುಟ್ಬೇಡಿ, ಅದರ ಹತ್ರ ಕೆಮ್ಮಲೂಬೇಡಿ. ನಾನು ಅಂಗಡಿಗೆ ಹೋಗಿ ಇನ್ನೊಂದು ತರ್ತೀನಿ."

"ಈ ಸಲ ಬೇರೆ ಕಂಪನೀದು ತಗೊಂಡ್ರೆ ಹೇಗೆ ಅಂತ, ಸ್ವಲ್ಪ ವಿಚಾರಿಸಿ..."

ಆಕೆ ಚೀಲದ ಜೊತೆಗೆ ಸುತ್ತಿಗೆಯನ್ನೂ ಎತ್ತಿಕೊಂಡು ಹೊರಟಳು. ಡಿಸ್ಕು ಕೊಳ್ಳಲು ಸುತ್ತಿಗೆ ಯಾಕೆ ಎಂದು ಯಜಮಾನರು ವಿಚಾರಿಸಲಿಲ್ಲ.