ಆರ್ವಿಲ್ ಕೊವಾಲನ ಹೊಗಳಿಕೆ

ಕಾಫಿ ಅಂಗಡಿಯ ಟೀವಿಯಲ್ಲಿ ಐಸ್ ಹಾಕಿ ತಂಡಗಳು ಹೊಸ ಹುಡುಗರನ್ನು ಆರಿಸುತ್ತಿದ್ದವು, ಊರಿನ ವಿಲೋಬೆಂಡ್ ಬ್ಯಾಜರ್ಸ್ ತಂಡದ ಸರದಿ ಬಂತು. ತಂಡದವರು ಕೋಲ್ಬಿ ಬೊಶೇ ಎಂಬ ಹುಡುಗನ ಹೆಸರು ಕೂಗಿದರು. ಆರ್ವಿಲ್ ಕೊವಾಲ್ ಕುರ್ಚಿಯಿಂದ ಎದ್ದು ಎರಡೂ ಕೈ ಮೇಲೆತ್ತಿ, "ಆಹಾ, ಈ ಹುಡುಗ ಇದಾನಲ್ಲ..." ಅಂದ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಗಸ್ ಟೀಸೆನ್ ತನ್ನ ತಟ್ಟೆಯಲ್ಲಿದ್ದ ಡೋನಟ್ಟನ್ನು ಇಡಿಯಾಗಿ ಅವನ ಬಾಯಿಗೆ ತುರುಕಿದ.

"ನುಂಗು," ಅಂದ ಗಸ್. "ನುಂಗಿದ ಮೇಲೂ ಮಾತಾಡಬೇಡ."

ಅಂಗಡಿಯಲ್ಲಿದ್ದವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ಗಸ್ ಮಾಡಿದ್ದು ತಪ್ಪು ಎಂದು ಯಾರೂ ಅನ್ನಲಿಲ್ಲ. ಅಂಗಡಿಯಾಕೆಯಂತೂ ಅವನಿಗೆ ಇನ್ನೊಂದು ಡೋನಟ್ ಬಿಟ್ಟಿಯಾಗಿ ತಂದಿಟ್ಟಳು.

ವಿಷಯ ಏನೆಂದರೆ, ಆರ್ವಿಲ್‌ನ ಬಾಯಿ ಒಳ್ಳೆಯದಲ್ಲ. ಮನಸ್ಸು ಅಪ್ಪಟ ಬೆಣ್ಣೆ, ಬಾಯಿಗುಣ ಮಾತ್ರ ಯಾರಿಗೂ ಬೇಡ. ಪ್ರತಿ ಮೇ ತಿಂಗಳ ಡ್ರಾಫ್ಟಿನಲ್ಲಿ ಲೀಗಿನ ತಂಡಗಳು ಸರದಿಯ ಮೇಲೆ ಮೀಸೆ ಮೂಡದ ಹುಡುಗರನ್ನು ಆರಿಸಿಕೊಳ್ಳುತ್ತವೆ. ಬ್ಯಾಜರ್ಸ್ ಆರಿಸಿದವರಲ್ಲಿ ಆರ್ವಿಲ್ ಯಾರನ್ನು ಹೊಗಳಿದನೋ ಅವನ ಕತೆ ಮುಗಿಯಿತು ಅಂತಲೇ ಲೆಕ್ಕ. "ಗೋಲಿನ ಮುಂದೆ ಗೋಡೆ ಕಟ್ಟಿದ ಹಾಗೆ ನಿಲ್ತಾನೆ" ಎನ್ನಿಸಿಕೊಂಡ ಹುಡುಗ ಮರುವಾರ ಕಾಲುಚೀಲ ಹಾಕಿಕೊಳ್ಳುವಾಗ ಸೊಂಟ ಉಳುಕಿಸಿಕೊಂಡ. "ಕಾಲಲ್ಲಿ ಸ್ಪ್ರಿಂಗ್ ಇದೆ" ಎನ್ನಿಸಿಕೊಂಡವನು ತಂಡದ ಬಸ್ಸಿನಿಂದ ಇಳಿಯುವಾಗಲೇ ಪಾದ ಮುರಿದುಕೊಂಡ. "ಇವನು ನಮ್ಮೂರು ಬಿಟ್ಟು ಹೋಗೋನಲ್ಲ" ಎನ್ನಿಸಿಕೊಂಡವನು ಹಲ್ಲಿನ ಡಾಕ್ಟರ ಮಗಳನ್ನು ಕಟ್ಟಿಕೊಂಡು ಮ್ಯಾನಿಟೋಬಾ ಪ್ರಾಂತಕ್ಕೆ ಓಡಿಹೋದ. "ಇವನಿಗೆ ಸ್ಕೇಟಿನ ದಾರ ಕಟ್ಟೋಕೂ ಬರಲ್ಲ" ಎಂದು ಆರ್ವಿಲ್ ಉಗಿದ ಒಬ್ಬನೇ ಒಬ್ಬ ಮಾತ್ರ ಗೋಲಿನ ಮಳೆ ಸುರಿಸಿ ದೊಡ್ಡ ಲೀಗಿಗೆ ಹೋದ. ನೀವು ನಂಬಿ, ಬಿಡಿ. ತಂಡ ಗೆಲ್ಲುತ್ತಿರುವಷ್ಟು ದಿನ ಗಂಡಸರು ಗಡ್ಡ ಬೋಳಿಸದ ಊರು ವಿಲೋಬೆಂಡ್, ಅದು ಇದನ್ನು ನಂಬದೆ ಇರುತ್ತದೆಯೇ.

ಇದರ ಪೆಟ್ಟು ಹೆಚ್ಚು ಬಿದ್ದದ್ದು ಆರ್ವಿಲ್‌ನ ಹೆಂಡತಿ ನೋರಿನ್‌ಗೆ. ಹೊರಗಿನಿಂದ ಬಂದ ಆಟಗಾರರು ಊರಿನ ಮನೆಗಳಲ್ಲಿ ಮನೆಮಕ್ಕಳಾಗಿ ಉಂಡುಕೊಂಡು ಆಡುವುದು ಅಲ್ಲಿನ ವಾಡಿಕೆ. ನೋರಿನ್‌ಗೆ ಆ ಹುಡುಗರೆಂದರೆ ಪ್ರಾಣ. ಆದರೆ ಅವಳ ಮನೆಗೆ ಬಂದವರೆಲ್ಲ ಬೆಳಗಿನ ತಿಂಡಿಯ ಜೊತೆ ಆರ್ವಿಲ್‌ನ ಹೊಗಳಿಕೆಯನ್ನೂ ತಿಂದು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಕೊನೆಗೆ ತಂಡದ ಮ್ಯಾನೇಜರ್ ಡಗ್ ಫೆಡಾಕ್ ಆ ಮನೆಗೆ ಹುಡುಗರನ್ನು ಕಳಿಸುವುದನ್ನೇ ನಿಲ್ಲಿಸಿದ. ನೆಲಮಾಳಿಗೆಯ ಕೋಣೆಯಲ್ಲಿ ಈಗ ಹೊಲಿಗೆ ಯಂತ್ರ ಕೂತಿದೆ.

ಆದರೂ ಕೋಲ್ಬಿ ಬೊಶೇಯನ್ನು ಹೊಗಳದೆ ಇರುವುದು ಹೇಗೆ? ಹಿಮ ಬಿದ್ದ ದಾರಿಯಲ್ಲಿ ಹಳೆಯ ಪಿಕಪ್ ಓಡಿಸಿಕೊಂಡು ಆರ್ವಿಲ್ ಚಳಿಗಾಲವಿಡೀ ಆ ಹುಡುಗ ಆಡಿದ ಊರೂರಿಗೆ ಹೋಗಿದ್ದ. ಹುಡುಗ ನೋಡಲು ಪುಳ್ಳೆ, ಜೊತೆಯವರ ಭುಜಕ್ಕೆ ಬರುತ್ತಾನೆ. ಐಸಿನ ಮೇಲೆ ಇಳಿದನೋ, ಪಕ್ ಎಂಬ ಆ ರಬ್ಬರ್ ಬಿಲ್ಲೆ ಅವನ ಕೋಲನ್ನು ಬಿಟ್ಟು ಹೋಗಲು ಒಲ್ಲೆ ಅನ್ನುತ್ತದೆ. ಇಬ್ಬರು ದಢೂತಿ ಆಟಗಾರರು ಸೇರಿ ಅಂಕಣದ ಗೋಡೆಗೆ ಒತ್ತಲು ಬಂದರೆ ನಡುವೆ ನುಸುಳಿ ಆಚೆ ಹೋಗಿ, ಆಟ ನಿಂತ ಮೇಲೆ ಬಿದ್ದವರಿಗೆ ಕೈಕೊಟ್ಟು ಎಬ್ಬಿಸುತ್ತಾನೆ. ಒಮ್ಮೆ ಎದುರಿಗೆ ಖಾಲಿ ಗೋಲು ಬಾಯಿ ತೆರೆದುಕೊಂಡಿದ್ದರೂ, ವರ್ಷವಿಡೀ ಒಂದು ಗೋಲನ್ನೂ ಕಾಣದ ಗೆಳೆಯನಿಗೆ ಪಕ್ ತಳ್ಳಿಕೊಟ್ಟ. ಅದನ್ನು ನೋಡಿ ಆರ್ವಿಲ್ ಗುರುತಿಲ್ಲದ ಜನರ ನಡುವೆ ನಿಂತು ಕಣ್ಣೊರೆಸಿಕೊಂಡಿದ್ದ. ಇಂಥವನು ನಮ್ಮ ತಂಡಕ್ಕೆ ಬಂದರೆ ಸಾಕು, ಜನ್ಮ ಸಾರ್ಥಕ ಅಂದುಕೊಂಡಿದ್ದ. ಈಗ ಬಂದಿದ್ದಾನೆ, ಆರ್ವಿಲ್‌ನ ಬಾಯಲ್ಲಿ ಡೋನಟ್ ಇದೆ.

ಡೋನಟ್ ಇಳಿಯುವ ಹೊತ್ತಿಗೆ ಮ್ಯಾನೇಜರ್ ಫೆಡಾಕ್ ಓಡೋಡಿ ಬಂದ. ನೆಟ್ಟಗೆ ಆರ್ವಿಲ್‌ನ ಮುಂದೆ ನಿಂತ.

"ಏನಾದ್ರೂ ಅಂದ್ಯಾ?"

"ಆಹಾ ಅಂದ," ಅಂದ ಗಸ್. "ಅಷ್ಟಕ್ಕೇ ತಡೆದೆ."

"ಆಹಾ ಅಂದ್ರೆ ಕಾಲುಬೆರಳು ಉಳುಕಬಹುದು, ಪರವಾಗಿಲ್ಲ. ಕೇಳಿಲ್ಲಿ ಆರ್ವಿಲ್. ನಾವು ಹೆಸರು ಕೂಗಿದ ಮಾತ್ರಕ್ಕೆ ಹುಡುಗ ಬಂದುಬಿಡಲ್ಲ. ಅವರಮ್ಮ ಅವನನ್ನ ಅಮೆರಿಕದ ಯಾವುದೋ ಸ್ಕೂಲಿಗೆ ಹಾಕಬೇಕು ಅಂತಿದಾಳೆ. ಇವತ್ತು ಮಧ್ಯಾಹ್ನ ಅವನನ್ನ ಕರ್ಕೊಂಡು ಊರು ನೋಡೋಕೆ ಬರ್ತಿದಾಳೆ. ಊರು ಹಿಡಿಸಿದ್ರೆ ಸಹಿ, ಇಲ್ಲಾಂದ್ರೆ ಇಲ್ಲ."

ಆರ್ವಿಲ್ ಅವನ ತೋಳು ಹಿಡಿದುಕೊಂಡ. "ನಾನೇನು ಮಾಡ್ಲಿ ಹೇಳು. ಏನು ಬೇಕಾದ್ರೂ ಮಾಡ್ತೀನಿ."

"ಮೂಗನಾಗು. ಆಗಲ್ಲ ಅಂದ್ರೆ ಬಯ್ಯಿ. ಸಾಯಂಕಾಲದವರೆಗೆ ನಿನ್ನ ಬಾಯಿಂದ ಆ ಹುಡುಗನ ಬಗ್ಗೆ ಬಯ್ಗಳ ಬಿಟ್ಟು ಬೇರೆ ಏನೂ ಬರಕೂಡದು."

"ಅಂಥ ಹುಡುಗನ್ನ ಹೇಗಪ್ಪಾ ಬಯ್ಯೋದು? ಆ ಕಾಲು..."

"ಕಾಲು ಏನು?" ಅಂದ ಗಸ್, ಎರಡನೆಯ ಡೋನಟ್ ಎತ್ತಿಕೊಂಡು.

"ಕಾಲು... ಗಿಡ್ಡ," ಅಂದ ಆರ್ವಿಲ್. ಸುತ್ತ ಇದ್ದವರು ಶಹಬ್ಬಾಸ್ ಅಂದರು.

ಆರ್ವಿಲ್ ಕೆಲಸ ಮಾಡುತ್ತಿದ್ದದ್ದು ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ, ಬಣ್ಣ ಬೆರೆಸುವ ಕೌಂಟರಿನಲ್ಲಿ. ಗಸ್ ಅವನ ಕಾವಲಿಗೆ ಹಿಂದೆಯೇ ಬಂದು ಬಕೆಟ್ಟುಗಳ ಕಪಾಟಿನ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತ. ಸುದ್ದಿ ಹರಡಲು ಎಷ್ಟು ಹೊತ್ತು. ಊರಿನವರು ಒಬ್ಬೊಬ್ಬರಾಗಿ ಮೊಳೆ ಕೊಳ್ಳುವ ನೆಪದಲ್ಲಿ ಒಳಗೆ ಬಂದರು.

"ಆರ್ವಿಲ್, ಹೊಸ ಹುಡುಗ ಹೇಗೆ?"

"ದಂಡ," ಅನ್ನುತ್ತಿದ್ದ ಆರ್ವಿಲ್.

"ಇನ್ನೂ ಸ್ವಲ್ಪ ಬಯ್ಯಪ್ಪ. ನಮ್ಮ ಪಾಲಿಗೆ ಒಂದೆರಡು ಗೋಲು ಹೆಚ್ಚಿಗೆ ಬೀಳ್ಲಿ."

ಬಯ್ಯುವುದು ಸುಲಭ ಎಂದುಕೊಂಡವರು ಒಮ್ಮೆ ಪ್ರೀತಿಸಿದವರನ್ನು ಬಯ್ದು ನೋಡಬೇಕು. ಆರ್ವಿಲ್‌ಗೆ ಒಂದೊಂದು ಬಯ್ಗಳಕ್ಕೂ ಆ ಹುಡುಗನ ಆಟ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಆ ಗುಂಗಿನಲ್ಲಿ, ಚರ್ಚಿನ ಒಳಗೋಡೆಗೆ ತಿಳಿ ಕೆನೆಬಣ್ಣ ಕೇಳಿದ ಪಾದ್ರಿಯಮ್ಮನಿಗೆ ಬ್ಯಾಜರ್ಸ್ ತಂಡದ ಕಡುಕೆಂಪು ಬೆರೆಸಿ ನಾಲ್ಕು ಡಬ್ಬಿ ಕೊಟ್ಟುಬಿಟ್ಟ. ಆಕೆ ಮುಚ್ಚಳ ತೆಗೆದು ನೋಡಿ, ಆರ್ವಿಲ್‌ನನ್ನು ನೋಡಿ, "ಪಾಪ, ತುಂಬಾ ಕಷ್ಟಪಡ್ತಿದೀಯ," ಎಂದು ಅದನ್ನೇ ಹೊತ್ತುಕೊಂಡು ಹೋದಳು.

ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ ಒಬ್ಬ ಹೆಂಗಸು ಬಂದಳು. ಎತ್ತರದ ಆಳು, ಕೈಯಲ್ಲಿ ಅಟ್ಟೆ ಕಿತ್ತ ಒಂದು ಬೂಟು. ಅದನ್ನು ಅಂಟಿಸಲು ಗೋಂದು ಕೇಳಿದಳು. ಆರ್ವಿಲ್ ಹುಡುಕಿ ಕೊಟ್ಟ.

"ಊರಲ್ಲಿ ಏನೋ ಗದ್ದಲ," ಅಂದಳು. "ಯಾರೋ ಬೊಶೇ ಅನ್ನೋ ಹುಡುಗನ್ನ ಆರಿಸಿದೀರಂತೆ. ಚೆನ್ನಾಗಿ ಆಡ್ತಾನಾ?"

ಆರ್ವಿಲ್‌ನ ಮುಖ ಅರಳಿತು. ಗುರುತಿಲ್ಲದ ಹೆಂಗಸು, ದಾರಿಹೋಕಳು, ಇವಳ ಹತ್ತಿರ ಒಂದು ಮಾತು ಆಡಿದರೆ ಯಾರಿಗೆ ತಿಳಿಯಬೇಕು? ಬಾಯಿ ತೆರೆದ. ಬಕೆಟ್ಟುಗಳ ನಡುವಿನಿಂದ ಗಸ್‌ನ ಕೆಂಗಣ್ಣು ಕಂಡಿತು.

"ಅವನಾ? ಅವನದೂ ಒಂದು ಆಟವಾ?" ಅಂದ ಆರ್ವಿಲ್. "ಎಡಕ್ಕೆ ತಿರುಗೋವಾಗ ಮಂಡಿ ಬಗ್ಗಿಸಲ್ಲ. ಆ ಕಡೆಯಿಂದ ಯಾರಾದ್ರೂ ತಳ್ಳಿದ್ರೆ ಬಿದ್ದೇ ಬೀಳ್ತಾನೆ. ಹಿಂದೆ ಮುಂದೆ ನೋಡದೆ ಪಕ್ಕದವನಿಗೆ ಪಕ್ ಕೊಡ್ತಾನೆ, ತಾನು ಹೊಡೆದ್ರೆ ಯಾರಾದ್ರೂ ಜೈಲಿಗೆ ಹಾಕ್ತಾರೆ ಅನ್ನೋ ಹಾಗೆ. ಸೋಲ್ತಿದ್ರೆ ಕೈಗವಸಿನ ತುದಿ ಕಚ್ಚುತ್ತಾ ಕೂತಿರ್ತಾನೆ. ಆಟದ ಕೊನೇ ಅವಧಿಗೆ ಬಂದ್ರೆ ಮುಖ ಬಿಳಿಚಿಕೊಳ್ಳುತ್ತೆ. ಬರೆದು ಕೊಡ್ತೀನಿ, ಆಟಕ್ಕೆ ಮುಂಚೆ ಆ ಹುಡುಗ ಒಂದು ತುತ್ತೂ ತಿನ್ನಲ್ಲ."

ಹೆಂಗಸು ಗೋಂದಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. "ಇದನ್ನೆಲ್ಲ ಯಾರು ಹೇಳಿದ್ರು?"

"ಹೇಳೋದೇನು, ನಾನೇ ನೋಡಿದೀನಿ. ಚಳಿಗಾಲ ಪೂರ್ತಿ ಅವನ ಹಿಂದೆ ತಿರುಗಿದೀನಿ."

"ಇಷ್ಟು ಕೆಟ್ಟ ಆಟ ನೋಡೋಕೆ ಚಳಿಗಾಲ ಪೂರ್ತಿನಾ?"

ಆರ್ವಿಲ್ ತಲೆ ತಗ್ಗಿಸಿ ಬಿಲ್ಲು ಬರೆಯತೊಡಗಿದ. ಅವಳು ಹಣ ಕೊಟ್ಟು ಹೊರಟುಹೋದಳು. ಗಸ್ ಕಪಾಟಿನ ಹಿಂದಿನಿಂದ ಬಂದು ಅವನ ಬೆನ್ನು ತಟ್ಟಿದ.

"ಈ ಸಲ ಕಪ್ ನಮ್ಮದೇ ಕಣೋ. ಏನು ಬಯ್ದೆ, ಕೇಳಿ ನನಗೇ ಕಣ್ಣಲ್ಲಿ ನೀರು ಬಂತು."

ಗಾಜಿನ ಬಾಗಿಲಾಚೆ ಆ ಹೆಂಗಸು ತನ್ನ ಕಾರಿನ ಬಾಗಿಲು ತೆಗೆಯುತ್ತಿದ್ದಳು. ಕಾರಿನಲ್ಲಿ ಒಂದೇ ಬೂಟು ಹಾಕಿಕೊಂಡ ಒಬ್ಬ ಪುಳ್ಳೆ ಹುಡುಗ ಕೂತಿದ್ದ, ತಲೆಯ ಮೇಲೆ ಬ್ಯಾಜರ್ಸ್ ತಂಡದ ಹೊಸ ಟೋಪಿ. ಗಸ್‌ನ ಕೈ ಆರ್ವಿಲ್‌ನ ಬೆನ್ನ ಮೇಲೆ ಹಾಗೆಯೇ ನಿಂತಿತು.

"ಗಸ್," ಅಂದ ಆರ್ವಿಲ್ ಮೆಲ್ಲಗೆ, "ನಾನು ಯಾರ ಮುಂದೆ ಬಯ್ದೆ?"

ಗಸ್ ಸ್ಟೂಲು ಎತ್ತಿಕೊಂಡು ಹಿಂಬಾಗಿಲಿನಿಂದ ಮನೆಗೆ ಹೋದ. ಊರಿಗೆ ಇಂಥ ಗೆಳೆಯರು ಇರಬೇಕು.

ಫೆಡಾಕ್‌ನ ಫೋನು ಬರಲು ಬಹಳ ಹೊತ್ತಾಗಲಿಲ್ಲ. "ಐಸ್ ರಿಂಕಿನ ಸಭಾಂಗಣಕ್ಕೆ ಬಾ," ಅಂದ. "ಆ ಬಣ್ಣದ ಅಂಗಡಿಯವನನ್ನ ಕರೆಸಿ ಅಂತಿದಾಳೆ. ಏನೋ ಮಾಡಿದೆ ನೀನು? ಬಯ್ಯಿ ಅಂದ್ರೆ ತಾಯಿ ಎದುರಿಗೇ ಬಯ್ಯೋದಾ?"

ಆರ್ವಿಲ್ ಏಪ್ರನ್ ಬಿಚ್ಚಲು ಮರೆತು ನಡೆದ. ಹೊಗಳಿದ್ದರೆ ಒಂದು ಕಾಲು ಮುರಿಯುತ್ತಿತ್ತೇನೋ, ಬಯ್ದು ಹುಡುಗನನ್ನೇ ಕಳೆದುಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ಸಂಕಟಪಟ್ಟ. ಸಭಾಂಗಣದಲ್ಲಿ ಉದ್ದ ಮೇಜಿನ ಮೇಲೆ ಕೇಕು, ಸ್ಯಾಂಡ್‌ವಿಚ್ಚು ಇಟ್ಟುಕೊಂಡು ಅರ್ಧ ಊರು ಮುಖ ಸಣ್ಣಗೆ ಮಾಡಿಕೊಂಡು ನಿಂತಿತ್ತು. ಅಡಿಗೆಗೆಂದು ಬಂದಿದ್ದ ನೋರಿನ್ ಗಂಡನ ಕಡೆ ನೋಡಲಿಲ್ಲ.

"ಬನ್ನಿ," ಅಂದಳು ಹುಡುಗನ ತಾಯಿ ಜಿನೆಟ್ ಬೊಶೇ. ಆಮೇಲೆ ಫೆಡಾಕ್‌ನ ಕಡೆ ತಿರುಗಿದಳು. "ಪೆಟ್ರೋಲ್ ಹಾಕೋನಿಂದ ಹಿಡಿದು ನಿಮ್ಮ ಮೇಯರ್‌ವರೆಗೆ ಎಲ್ಲರೂ ನನ್ನ ಮಗ ಚಿನ್ನ, ವಜ್ರ ಅಂದ್ರು. ಎಷ್ಟು ಆಟ ನೋಡಿದೀರಿ ಅಂದ್ರೆ ಒಬ್ಬರೂ ಒಂದೂ ನೋಡಿಲ್ಲ. ಇವನು ಆಟಕ್ಕೆ ಮುಂಚೆ ತಿನ್ನಲ್ಲ ಅನ್ನೋದು ಅವನ ಅಪ್ಪನಿಗೂ ಗೊತ್ತಿಲ್ಲ, ಈ ಮನುಷ್ಯನಿಗೆ ಗೊತ್ತು. ನನ್ನ ಮಗನ್ನ ಕಣ್ಣಿಟ್ಟು ನೋಡಿದೋರು ಈ ಊರಲ್ಲಿ ಇವರೊಬ್ಬರೇ. ನಾನು ಸಹಿ ಹಾಕ್ತೀನಿ."

ಸಭಾಂಗಣದಲ್ಲಿ ಯಾರೋ ಕೈಲಿದ್ದ ತಟ್ಟೆ ಬಿಟ್ಟರು. ಫೆಡಾಕ್ ಪೆನ್ನು ಹುಡುಕತೊಡಗಿದ.

"ಒಂದು ಷರತ್ತು," ಅಂದಳು ಜಿನೆಟ್. "ಹುಡುಗ ಇವರ ಮನೆಯಲ್ಲೇ ಇರಬೇಕು."

ಫೆಡಾಕ್‌ನ ಮುಖದ ಬಣ್ಣ ಹೋಯಿತು. "ಅಮ್ಮಾ, ಊರಲ್ಲಿ ಬೇರೆ ಒಳ್ಳೊಳ್ಳೆ ಮನೆಗಳಿವೆ. ಈಜುಕೊಳ ಇರೋ ಮನೆ ಇದೆ."

"ಈಜುಕೊಳ ಏನು ಮಾಡೋದು? ಹೊಗಳಿಸಿಕೊಂಡು ಹೊಗಳಿಸಿಕೊಂಡು ಇವನಿಗೆ ಸಾಕಾಗಿದೆ. ನನಗೆ ಬಯ್ಯೋ ಮನೆ ಬೇಕು. ಇಲ್ಲಿ ಆಡೋ ನಾಲ್ಕು ವರ್ಷವೂ ಇವರು ಹೀಗೇ ದಿನಾ ತಪ್ಪು ಹೇಳ್ಬೇಕು, ಎಲ್ಲಾ ಆಟಕ್ಕೂ ಹೋಗ್ಬೇಕು. ಒಂದು ದಿನ ಇವರು ಹೊಗಳಿದ್ರು ಅಂತ ಕೇಳಿದ್ರೆ ಮಗನ್ನ ವಾಪಸ್ ಕರ್ಕೊಂಡು ಹೋಗ್ತೀನಿ."

ಹುಡುಗ ಎದ್ದು ಬಂದು ಕೈ ಮುಂದೆ ಚಾಚಿದ. "ಎಡಗಡೆ ಮಂಡಿ ವಿಷಯ ನಿಜ, ಸರ್. ನನಗೂ ಅನ್ನಿಸಿತ್ತು," ಅಂದ. ಆರ್ವಿಲ್‌ಗೆ ಆ ಕೈ ಕುಲುಕುವಾಗ ಹೊಗಳಿಕೆ ನಾಲಿಗೆಯ ತುದಿಗೇ ಬಂತು. ನೋರಿನ್ ಬಂದು ಹಿಂದಿನಿಂದ ಅವನ ಸೊಂಟ ಚಿವುಟಿ ಹಿಡಿದಳು. ಫೆಡಾಕ್ ಕಿವಿಯಲ್ಲಿ, "ಒಂದೇ ಒಂದು ಒಳ್ಳೇ ಮಾತು ಬಂತೋ, ಊರು ನಿನ್ನನ್ನ ಬದುಕಿಸಲ್ಲ," ಅಂದ.

ಸಾಯಂಕಾಲ ಬಿಸಿಲು ಇನ್ನೂ ಇರುವಾಗಲೇ ತಾಯಿ ಮಗ ಮನೆ ನೋಡಲು ಬಂದರು. ನೋರಿನ್ ಆಲೂ ತುಂಬಿದ ಪೆರೋಗಿ ಎಂಬ ಕಡುಬು ಬೇಯಿಸಿ, ಮೇಲೆ ಹುರಿದ ಈರುಳ್ಳಿ ಸುರಿದು ಬಡಿಸಿದಳು. ಹುಡುಗ ಕೇಳಿ ಕೇಳಿ ಹಾಕಿಸಿಕೊಂಡು ತಿಂದ. ತಿಂದ ತಟ್ಟೆಯನ್ನು ತಾನೇ ತೊಳೆದಿಟ್ಟ. ಹೊಲಿಗೆ ಯಂತ್ರ ತಾನೇ ಪಕ್ಕಕ್ಕಿಡುತ್ತೇನೆ, ನೀವು ಎತ್ತಬೇಡಿ ಎಂದು ನೋರಿನ್‌ಗೆ ಹೇಳಿ ನೆಲಮಾಳಿಗೆಯ ಬಾಗಿಲ ಕಡೆ ಹೋದ. ಜಿನೆಟ್ ಗಂಡನಿಗೆ ಫೋನು ಮಾಡಲು ಅಂಗಳಕ್ಕಿಳಿದಳು.

ಅಡಿಗೆಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಬೆಳಗಿನಿಂದ ಕಟ್ಟಿಟ್ಟದ್ದೆಲ್ಲ ಆರ್ವಿಲ್‌ನ ಎದೆಯಲ್ಲಿ ಕುದಿಯುತ್ತಿತ್ತು. ಬೇಡ ಬೇಡ ಎಂದುಕೊಂಡೇ ಬಾಗಿಲು ಮುಚ್ಚಿದ. ಕಿಟಕಿ ಮುಚ್ಚಿದ. ಸದ್ದಿಗೆಂದು ನಲ್ಲಿ ಜೋರಾಗಿ ಬಿಟ್ಟು, ಹೆಂಡತಿಯ ಕಿವಿಗೆ ಬಾಯಿ ತಾಗಿಸಿ ಪಿಸುಗುಟ್ಟಿದ.

"ನೋರಿನ್, ಇಂಥ ಹುಡುಗ ನೂರು ವರ್ಷಕ್ಕೊಬ್ಬ ಹುಟ್ತಾನೆ ಕಣೇ."

ನೆಲಮಾಳಿಗೆಯ ಮೆಟ್ಟಿಲ ಮೇಲೆ ದಡಬಡ ದಢಾರ್ ಎಂದು ಏನೋ ಉರುಳಿದ ಸದ್ದಾಯಿತು. ಆಮೇಲೆ ಕೋಲ್ಬಿಯ ದನಿ ಕೇಳಿತು. "ಏನಾಗಿಲ್ಲ. ಮೆಟ್ಟಿಲು ತಪ್ತು ಅಷ್ಟೇ."

ನೋರಿನ್ ನಲ್ಲಿ ನಿಲ್ಲಿಸಿದಳು. ಅವಳ ಮುಖ ಹಿಟ್ಟಿನ ಹಾಗೆ ಬೆಳ್ಳಗಾಗಿತ್ತು. "ಹೋಗ್ರೀ," ಅಂದಳು. "ಓಡಿ. ಬೇಗ ಬಯ್ರಿ."

ಆರ್ವಿಲ್ ಓಡಿಹೋಗಿ ಮೆಟ್ಟಿಲ ಮೇಲೆ ನಿಂತ. ಕೆಳಗೆ ಹುಡುಗ ಮೊಣಕಾಲು ಉಜ್ಜಿಕೊಳ್ಳುತ್ತ ಅವನ ಕಡೆ ನೋಡಿ ನಕ್ಕ. ಅಷ್ಟು ಮುದ್ದಾದ ನಗುವನ್ನು ಆರ್ವಿಲ್ ತನ್ನ ಜನ್ಮದಲ್ಲೇ ಕಂಡಿರಲಿಲ್ಲ.

"ಕಣ್ಣೆಲ್ಲಿಟ್ಕೊಂಡು ನಡೀತೀಯೋ ದಂಡಪಿಂಡ," ಎಂದು ಕೂಗಿದ. "ಮರದ ಮೆಟ್ಟಿಲ ಮೇಲೆ ನಿಲ್ಲೋಕೆ ಬರಲ್ಲ, ಐಸ್ ಮೇಲೆ ಏನು ನಿಲ್ತೀಯ ನೀನು?" ದನಿ ಗದ್ಗದವಾಗಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಸದ್ದು ಕೇಳಿ ಒಳಗೆ ಬಂದ ಜಿನೆಟ್ ಬೊಶೇ ಬಾಗಿಲಿಗೊರಗಿ ನೆಮ್ಮದಿಯಿಂದ ತಲೆಯಾಡಿಸಿದಳು.

"ನಿಲ್ಲಿಸಬೇಡಿ," ಅಂದಳು. "ಇನ್ನು ನಾಲ್ಕು ವರ್ಷ ಹೀಗೇ ಇರಿ."